ಓಡದ ಕಾರಿಗೆ ವಾರಂಟಿ

'ಹೊಸದು' ಎನ್ನುವ ಮಾತಿಗೆ ನಾವು ಹೆಂಗಸರು ಕೊಡುವ ಅರ್ಥವೇ ಬೇರೆ. ಯಾರೂ ಉಡದ ಸೀರೆ ಹೊಸ ಸೀರೆ. ಬೀರುವಿನಲ್ಲಿ ಹದಿನೈದು ವರ್ಷ ಮಡಿಕೆಯಲ್ಲೇ ಮಲಗಿದ್ದರೂ, "ಇನ್ನೂ ಹೊಸದು ಕಣ್ರೀ, ಒಂದು ಸಲಾನೂ ಉಟ್ಟಿಲ್ಲ" ಎಂದೇ ಹೇಳುತ್ತೇವೆ. ಯಾವುದೋ ಮದುವೆಗೆಂದು ಬಿಡಿಸಿ ನೋಡಿದರೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳಿರುತ್ತದೆ, ಜರಿ ಕಪ್ಪಿಟ್ಟಿರುತ್ತದೆ. ಅಂಗಡಿಯವನ ಮುಂದೆ ಹಿಡಿದುಕೊಂಡು ಹೋಗಿ, "ಉಟ್ಟೇ ಇಲ್ಲಪ್ಪ, ಬದಲಾಯಿಸಿ ಕೊಡು" ಎಂದರೆ ಅವನು ನಗುತ್ತಾನೆ. ಸೀರೆಗೆ ಉಡುವವರಿಂದ ಮಾತ್ರ ವಯಸ್ಸಾಗುವುದಿಲ್ಲ, ಕಾಲದಿಂದಲೂ ಆಗುತ್ತದೆ.

ಅಮೆರಿಕದಲ್ಲಿ ಕಾರಿನ ವಿಷಯದಲ್ಲಿ ಇದೇ ಮಾತನ್ನು ಆಡುವ ಜನ ಬಹಳ ಇದ್ದಾರೆ. ಕೂಡಿಡುವುದಕ್ಕೆಂದೇ ಕಾರು ಕೊಳ್ಳುವವರು ಅವರು. ಅವರ ಪೈಕಿ ಕೆಲವರಿಗೆ ಎಲ್ಲಕ್ಕಿಂತ ಬೆಲೆಬಾಳುವ ಕಾರು ಯಾವುದೆಂದರೆ, ಅದು ಹಳೆಯದಾಗಿರಬೇಕು, ಆದರೆ ಓಡಿರಬಾರದು. ಅಂಗಡಿಗೆ ಬಂದಿರಬೇಕು, ಆದರೆ ಯಾರ ಹೆಸರಿಗೂ ಆಗಿರಬಾರದು. ಅರವತ್ತರ ಕನ್ಯಾಮಣಿ ಎನ್ನಿ!

ಇಂಥ ಕಾರುಗಳ ದೊಡ್ಡ ಜಾತ್ರೆಯೊಂದು 2013ರ ಸೆಪ್ಟೆಂಬರಿನಲ್ಲಿ ನೆಬ್ರಾಸ್ಕ ರಾಜ್ಯದ ಪಿಯರ್ಸ್ ಎಂಬಲ್ಲಿ ನಡೆಯಿತು. ಎರಡು ಸಾವಿರ ಜನವೂ ಇಲ್ಲದ ಪುಟ್ಟ ಊರು. ಅಲ್ಲಿ ರೇ ಲ್ಯಾಂಬ್ರೆಕ್ಟ್ ಎಂಬವರು ಪತ್ನಿ ಮಿಲ್ಡ್ರೆಡ್ ಜೊತೆ 1996ರವರೆಗೆ ಐವತ್ತು ವರ್ಷ ಶೆವ್ರೊಲೆ ಕಾರುಗಳನ್ನು ಮಾರಿದರು. ಹೊಸ ವರ್ಷದ ಮಾಡೆಲ್ ಬಂದೊಡನೆ ಉಳಿದದ್ದನ್ನು ರಿಯಾಯಿತಿಗೆ ಮಾರಿ ಕೈತೊಳೆದುಕೊಳ್ಳುವುದು ಎಲ್ಲ ವ್ಯಾಪಾರಿಗಳ ಪದ್ಧತಿ. ಈತ ಹಾಗೆ ಮಾಡದೆ ಉಳಿದ ಕಾರುಗಳನ್ನು ಗೋದಾಮಿಗೆ ತಳ್ಳಿ ಬಾಗಿಲು ಹಾಕುತ್ತಿದ್ದರು. ಗಂಡಹೆಂಡಿರಿಬ್ಬರಿಗೂ ತೊಂಬತ್ತು ದಾಟಿದ ಮೇಲೆ ಎಲ್ಲವೂ ಹರಾಜಿಗೆ ಬಂತು. ಸುಮಾರು 500 ವಾಹನಗಳು. ಅವುಗಳಲ್ಲಿ ಐವತ್ತರಷ್ಟು ಕಾರುಗಳ ಮೀಟರು 10 ಮೈಲಿಯನ್ನೂ ದಾಟಿರಲಿಲ್ಲ. ನೋಡಲು ಸಾವಿರಾರು ಜನ ಸೇರಿದರು. 1958ರ 'ಕ್ಯಾಮಿಯೊ' ಎಂಬ ಪಿಕಪ್ ಗಾಡಿ ಹುಟ್ಟಿದಾಗಿನಿಂದ ಓಡಿದ್ದು 1.3 ಮೈಲಿ, ನಮ್ಮ ಲೆಕ್ಕದಲ್ಲಿ ಎರಡು ಕಿಲೋಮೀಟರು. ಗೋದಾಮಿನ ಮಾಡು ಕುಸಿದು ಅದರ ನೆತ್ತಿಯೂ ತಗ್ಗಾಗಿತ್ತು. ಆದರೂ 1,40,000 ಡಾಲರಿಗೆ ಹೋಯಿತು!

ಈ ಕತೆಯನ್ನು ನನಗೆ ಹೇಳಿದವನು ಮಿಷಿಗನ್ನಿನಲ್ಲಿರುವ ನನ್ನ ತಮ್ಮ. 2019ರ ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದೆ. ಕತೆ ಸುಮ್ಮನೆ ಹೇಳಿದ್ದಲ್ಲ. ಅವನ ಕಣ್ಣು ಒಂದು ಕಾರಿನ ಮೇಲೆ ಬಿದ್ದಿತ್ತು. ಎರಡೇ ಸೀಟಿನ, ಎಣಿಸಿ ಇಷ್ಟೇ ಎಂದು ಮಾಡಿದ, 2017ರ ಮಾಡೆಲ್. ಓಡಿದ್ದು 640 ಮೈಲಿ. ವ್ಯಾಪಾರಿ ಹೊಸ ಕಾರಿನ ಬೆಲೆಯ ಮೇಲೆ ಇನ್ನೂ 9,000 ಡಾಲರು ಕೇಳುತ್ತಿದ್ದ. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಹಾಕಿ, ಹತ್ತು ವರ್ಷ ಗ್ಯಾರೇಜಿನಲ್ಲಿಟ್ಟು, ಎರಡರಷ್ಟಕ್ಕೆ ಮಾರುವುದು ಅವನ ಯೋಜನೆ. ಅವನ ಹೆಂಡತಿ ಮೂರು ದಿನದಿಂದ ಅವನೊಡನೆ ಊಟಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು.

"ಅಕ್ಕ, ಇದು ಹೊಸ ಕಾರೇ. ಯಾರ ಹೆಸರಿಗೂ ಆಗಿಲ್ಲ. ವಾರಂಟಿ ಪೂರ್ತಿ ಸಿಗತ್ತೆ."

"ಎರಡು ವರ್ಷಕ್ಕಿಂತ ಹೆಚ್ಚಾಯ್ತಲ್ಲೋ, ಅಷ್ಟು ದಿನ ಎಲ್ಲಿತ್ತು?"

"ಶೋರೂಮಿನಲ್ಲೇ."

"ಶೋರೂಮಿನಲ್ಲೇ ಇದ್ದದ್ದು 640 ಮೈಲಿ ಹೇಗೆ ಓಡ್ತು?"

ತಮ್ಮ ಉತ್ತರ ಹೇಳಲಿಲ್ಲ. ಅವನ ಹೆಂಡತಿ ಅಡುಗೆಮನೆಯಿಂದ ಈಚೆ ಬಂದು ನಿಂತಳು.

ಇಲ್ಲಿ 'ಹೆಸರಿಗೆ ಆಗುವುದು' ಎಂದರೇನು ಎಂದು ಸ್ವಲ್ಪ ಹೇಳಬೇಕು. ಅಲ್ಲಿ ಕಾರು ಕಾರ್ಖಾನೆಯಿಂದ ಹೊರಬೀಳುವಾಗ ಅದರ ಜೊತೆ ಒಂದು ಹುಟ್ಟುಪತ್ರ ಬರುತ್ತದೆ. ಇಂಥ ಕಂಪೆನಿ ತಯಾರಿಸಿ ಇಂಥ ವ್ಯಾಪಾರಿಗೆ ಒಪ್ಪಿಸಿತು ಎಂಬ ಬರಹ. ಮೊದಲ ಗಿರಾಕಿ ಕೊಂಡಾಗ ಆ ಹುಟ್ಟುಪತ್ರವನ್ನು ರಾಜ್ಯ ಸರಕಾರದ ಕಚೇರಿಗೆ ಕೊಟ್ಟು, ತನ್ನ ಹೆಸರಿನಲ್ಲಿ 'ಟೈಟಲ್' ಎಂಬ ಒಡೆತನದ ಪತ್ರ ಪಡೆಯಬೇಕು. ಅಲ್ಲಿಯವರೆಗೆ ಕಾರು ಟೈಟಲ್ ಇಲ್ಲದ್ದು, ಅಂದರೆ ಕಾಗದದ ಮೇಲೆ ಹೊಸದು. ಆದರೆ ವ್ಯಾಪಾರಿಗಳಿಗೆ ತಮ್ಮದೇ ಬೇರೆ ನಂಬರ್ ಪ್ಲೇಟು ಇರುತ್ತದೆ. ಅದನ್ನು ಸಿಕ್ಕಿಸಿಕೊಂಡು ಗಿರಾಕಿಗಳಿಗೆ ಓಡಿಸಿ ತೋರಿಸಬಹುದು. ಹೀಗಾಗಿ ಕಾರು ಬೀದಿಯಲ್ಲಿ ಓಡಿರುತ್ತದೆ, ಹತ್ತಾರು ಜನ ಆಕ್ಸಿಲರೇಟರು ತುಳಿದಿರುತ್ತಾರೆ, ಆದರೂ ಕಾಗದದಲ್ಲಿ ಅದು ಹೊಸದೇ.

ಇನ್ನು ವಾರಂಟಿ. ನಮ್ಮ ಮಿಕ್ಸಿಯ ಡಬ್ಬದಲ್ಲಿ ಬರುವ ಹಳದಿ ಕಾರ್ಡಿನಲ್ಲಿ ಅಂಗಡಿಯವನು ಸೀಲು ಹಾಕಿ ತಾರೀಕು ಬರೆಯುತ್ತಾನಲ್ಲ, ಜೀವವೆಲ್ಲ ಆ ತಾರೀಕಿನಲ್ಲಿ. ಮಿಕ್ಸಿಯನ್ನು ಡಬ್ಬದಲ್ಲೇ ಇಟ್ಟು ಮೂರನೆಯ ವರ್ಷ ಚಟ್ನಿ ಅರೆದರೆ ವಾರಂಟಿ ಕಾಯುತ್ತ ಕೂತಿರುವುದಿಲ್ಲ. ಕಾರಿನದೂ ಹೀಗೆಯೇ, ಆದರೆ ಸೀಲು ಹಾಕುವ ದಿನ ಯಾವುದು ಎಂಬಲ್ಲಿ ಸೂಕ್ಷ್ಮವಿದೆ. ತಮ್ಮ ತಂದಿದ್ದ ವಾರಂಟಿ ಪುಸ್ತಕವನ್ನು ನಾನು ಪಾಠಕ್ಕೆ ತಯಾರಿ ಮಾಡಿಕೊಳ್ಳುವ ಹಾಗೆ ಪೆನ್ಸಿಲು ಹಿಡಿದು ಓದಿದೆ. ಸಾರಾಂಶ ಇಷ್ಟು: ಮೂರು ವರ್ಷ ಅಥವಾ 36,000 ಮೈಲಿ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಮುಗಿಯಿತು. ಎಣಿಕೆ ಶುರುವಾಗುವುದು ಮೊದಲ ಗಿರಾಕಿಗೆ ಕಾರು ಒಪ್ಪಿಸಿದ ದಿನದಿಂದ. ಇಲ್ಲವೇ, ಓಡಿಸಿ ತೋರಿಸುವ ಕೆಲಸಕ್ಕೆ ಕಾರನ್ನು ಮೊದಲು ಹಚ್ಚಿದ ದಿನದಿಂದ. ಇಲ್ಲೂ ಯಾವುದು ಮೊದಲೋ ಅದು.

ನೋಡಿ, ಟೈಟಲ್ ಎನ್ನುವ ಮಾತೇ ಅಲ್ಲಿಲ್ಲ! ಟೈಟಲ್ ಸರಕಾರದ ಲೆಕ್ಕ, ವಾರಂಟಿ ಕಂಪೆನಿಯ ಲೆಕ್ಕ. ಒಂದರಲ್ಲಿ ಹುಟ್ಟದ ಕಾರು ಇನ್ನೊಂದರಲ್ಲಿ ವಯಸ್ಸಿಗೆ ಬಂದಿರಬಹುದು. ಹೊಸದು ಎಂಬ ಒಂದೇ ಮಾತನ್ನು ವ್ಯಾಪಾರಿ ಒಂದು ಅರ್ಥದಲ್ಲಿ ಹೇಳಿದ್ದ, ತಮ್ಮ ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಂಡಿದ್ದ.

ಮರುದಿನ ತಮ್ಮನ ಹೆಂಡತಿಯೇ ಫೋನು ಹಿಡಿದಳು. ಅಲ್ಲಿ ಪ್ರತಿ ಕಾರಿಗೂ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅದೇ ಕಂಪೆನಿಯ ಬೇರೊಂದು ಸರ್ವಿಸ್ ಕೇಂದ್ರಕ್ಕೆ ಆ ಸಂಖ್ಯೆ ಹೇಳಿ, "ಈ ಕಾರಿನ ವಾರಂಟಿ ಯಾವತ್ತು ಶುರುವಾಗಿದೆ?" ಎಂದು ಒಂದೇ ಪ್ರಶ್ನೆ ಕೇಳಿದಳು. ಎರಡು ನಿಮಿಷದಲ್ಲಿ ಉತ್ತರ ಬಂತು: 2016ರ ಅಕ್ಟೋಬರ್. ನಾವು ಕೇಳಿದ್ದು 2019ರ ಮೇ ತಿಂಗಳಲ್ಲಿ. ಮೂರು ವರ್ಷದ ವಾರಂಟಿಯಲ್ಲಿ ಉಳಿದಿದ್ದದ್ದು ಐದು ತಿಂಗಳು. 36,000 ಮೈಲಿಯಲ್ಲಿ 35,360 ಬಾಕಿ ಇತ್ತು ನಿಜ, ಆದರೆ ಆ ಮೈಲಿಗಳನ್ನು ಇಟ್ಟುಕೊಂಡು ಏನು ಮಾಡುವುದು? ಮೈಲಿಯನ್ನು ಉಳಿಸಬಹುದು, ದಿನವನ್ನು ಉಳಿಸಲಾಗುವುದಿಲ್ಲ.

ವಾರಂಟಿಯ ಇತಿಹಾಸವೂ ಇದನ್ನೇ ಹೇಳುತ್ತದೆ. 1958ರಲ್ಲಿ, ಆ ಕ್ಯಾಮಿಯೊ ಹುಟ್ಟಿದ ಕಾಲದಲ್ಲಿ, ಅಮೆರಿಕದ ಕಾರುಗಳಿಗೆ ವಾಡಿಕೆಯಾಗಿ ಕೊಡುತ್ತಿದ್ದ ವಾರಂಟಿ 90 ದಿನ ಅಥವಾ 4,000 ಮೈಲಿ ಮಾತ್ರ. ಅರವತ್ತರ ದಶಕದ ಆರಂಭದಲ್ಲಿ ಅದು 12 ತಿಂಗಳು ಅಥವಾ 12,000 ಮೈಲಿಗೆ ಏರಿತು. 1963ರ ಮಾಡೆಲ್‌ಗಳ ಎಂಜಿನ್ನು, ಗೇರುಗಳಿಗೆ ಕ್ರೈಸ್ಲರ್ ಕಂಪೆನಿ 5 ವರ್ಷ ಅಥವಾ 50,000 ಮೈಲಿ ಎಂದಿತು. 1975ರಲ್ಲಿ ಮ್ಯಾಗ್ನುಸನ್-ಮಾಸ್ ಎಂಬ ಕಾಯಿದೆ ಬಂದು, ವಾರಂಟಿಯನ್ನು ಸರಳವಾದ ಮಾತಿನಲ್ಲಿ ಬರೆಯಬೇಕು, ಪೂರ್ಣವೋ ಮಿತವೋ ಎಂದು ಸ್ಪಷ್ಟಪಡಿಸಬೇಕು ಎಂದು ವಿಧಿಸಿತು. ಎಷ್ಟೇ ಬದಲಾದರೂ 'ಅಥವಾ' ಎಂಬ ಆ ಪುಟ್ಟ ಪದ ಮಾತ್ರ ಹೋಗಿಲ್ಲ. ಕಾಲ ಅಥವಾ ಓಟ. ಕಾಲಕ್ಕೆ ಕಡಿವಾಣವಿಲ್ಲವಾದ್ದರಿಂದ ಓಡದ ಕಾರಿನ ವಾರಂಟಿಯನ್ನು ಅದೇ ತಿಂದು ಮುಗಿಸುತ್ತದೆ.

ಹಾಗಾದರೆ ಪಿಯರ್ಸ್‌ನ ಕಾರುಗಳನ್ನು ಯಾವ ಗಿರಾಕಿಗೂ ಒಪ್ಪಿಸಿರಲಿಲ್ಲವಲ್ಲ, ಅವುಗಳ ವಾರಂಟಿ ಶುರುವೇ ಆಗಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆದರೆ ಹರಾಜಿನ ಧರ್ಮವೇ 'ಇದ್ದದ್ದು ಇದ್ದ ಹಾಗೆ'. ಗಾಡಿ ಹೊರಡಲಿ ಬಿಡಲಿ, ಕೊಂಡವರ ಪಾಲಿಗೆ. ಮಾರಿಕೊಡಬೇಕಾಗಿದ್ದ ಅಂಗಡಿ 1996ರಲ್ಲೇ ಮುಚ್ಚಿತ್ತು. ವಾರಂಟಿ ಎನ್ನುವುದು ಕಾರಿಗೆ ಅಂಟಿಕೊಂಡ ಗುಣವಲ್ಲ. ಮಾಡಿದವನು ಬಳಸುವವನಿಗೆ ಕೊಡುವ ಮಾತು. ಬಳಸುವವನೇ ಇಲ್ಲದಾಗ ಆ ಮಾತು ಯಾರಿಗೆ?

ಮತ್ತೆ, ಆ ಮಾತು ಯಾವುದಕ್ಕೆ ಎಂಬುದನ್ನೂ ನೋಡಬೇಕು. ಸಾಮಾನಿನ ದೋಷ, ಕೆಲಸಗಾರಿಕೆಯ ದೋಷ, ಎರಡಕ್ಕೆ ಮಾತ್ರ. ವಯಸ್ಸಿಗೆ ಯಾವ ಕಂಪೆನಿಯೂ ಜವಾಬು ಕೊಡುವುದಿಲ್ಲ. ನಿಂತ ಕಾರಿನಲ್ಲಿ ಪೆಟ್ರೋಲು ಕೆಟ್ಟು ಅಂಟಾಗುತ್ತದೆ, ಬ್ರೇಕಿನ ಎಣ್ಣೆ ಗಾಳಿಯ ತೇವ ಕುಡಿಯುತ್ತದೆ, ರಬ್ಬರು ಗಡುಸಾಗಿ ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ. ಓಡದಿದ್ದರೂ ಇಷ್ಟು ತಿಂಗಳಿಗೊಮ್ಮೆ ಎಂಜಿನ್ ಎಣ್ಣೆ ಬದಲಾಯಿಸಬೇಕೆಂಬ ನಿಯಮವಿರುತ್ತದೆ. ಅದನ್ನು ತಪ್ಪಿಸಿ ಎಂಜಿನ್ನು ಕೆಟ್ಟರೆ ಇದ್ದ ವಾರಂಟಿಯೂ ಕೈಗೆ ಬರುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ನಮ್ಮ ಊರಿನ ಕಾರುಗಳಲ್ಲೂ ನೋಡಿ. 4116 ಎಂದಿದ್ದರೆ 2016ರ 41ನೆಯ ವಾರ ಹುಟ್ಟಿದ ಟೈರು ಎಂದರ್ಥ. ಮೀಟರು ಏನೇ ಹೇಳಲಿ, ಟೈರು ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ.

ಕಾಲ ಏನು ಮಾಡಬಲ್ಲದು ಎಂಬುದಕ್ಕೆ ಒಕ್ಲಹೋಮ ರಾಜ್ಯದ ಟಲ್ಸಾ ನಗರದ ಕತೆಯಿದೆ. ರಾಜ್ಯಕ್ಕೆ ಐವತ್ತು ತುಂಬಿದ ಸಂಭ್ರಮದಲ್ಲಿ, 1957ರ ಜೂನ್ 15ರಂದು, ಹೊಚ್ಚಹೊಸ ಪ್ಲಿಮತ್ ಬೆಲ್ವೆಡೇರ್ ಕಾರನ್ನು ಕಾಂಕ್ರೀಟಿನ ನೆಲಮಾಳಿಗೆಯಲ್ಲಿ ಹೂಳಿದರು. ಅಣುಬಾಂಬಿಗೂ ಜಗ್ಗದ ಗೂಡು ಎಂಬ ಹೆಮ್ಮೆ ಬೇರೆ. ಹೆಂಗಸಿನ ಕೈಚೀಲದಲ್ಲಿರುವ ಸಾಮಾನೆಂದು ತುಟಿಬಣ್ಣ, ತಲೆಪಿನ್ನು, ಚಿಲ್ಲರೆ ಕಾಸುಗಳನ್ನೂ ಇಟ್ಟರು. 2007ರಲ್ಲಿ ಟಲ್ಸಾದ ಜನಸಂಖ್ಯೆ ಎಷ್ಟಿರುತ್ತದೆಂದು ಎಲ್ಲರಿಗಿಂತ ಹತ್ತಿರವಾಗಿ ಊಹಿಸಿದವರಿಗೆ ಕಾರು, ಜೊತೆಗೆ 100 ಡಾಲರಿನ ಉಳಿತಾಯ ಖಾತೆ. ಐವತ್ತು ವರ್ಷ ತುಂಬಿದ ದಿನ ತೆಗೆದು ನೋಡಿದರೆ ಗೂಡಿನೊಳಗೆ ನೀರು ನುಗ್ಗಿ, ಕಾರು ತುಕ್ಕಿನ ಮುದ್ದೆಯಾಗಿತ್ತು. ಗೆದ್ದವರು 1979ರಲ್ಲೇ ತೀರಿಹೋಗಿದ್ದರು. ಬಹುಮಾನ ಅವರ ವೃದ್ಧ ಸೋದರಿಯರಿಗೆ ಬಂತು. ಬ್ಯಾಂಕಿನ ನೂರು ಡಾಲರು ಮಾತ್ರ ಆರುನೂರು ದಾಟಿ ಬೆಳೆದಿತ್ತು.

ಬ್ಯಾಂಕಿನ ಮಾತು ಬಂದದ್ದರಿಂದ ತಮ್ಮನಿಗೆ ಒಂದು ಲೆಕ್ಕವನ್ನೂ ಮಾಡಿ ತೋರಿಸಿದೆ. 1978ರಲ್ಲಿ ಶೆವ್ರೊಲೆ ಕಂಪೆನಿ ಇಂಡಿಯಾನಾಪೊಲಿಸ್ ಓಟದ ಸ್ಪರ್ಧೆಯ ನೆನಪಿಗೆಂದು ವಿಶೇಷ ಕಾರ್ವೆಟ್ ಕಾರು ಹೊರತಂದಿತು. ಬೆಲೆ 13,653 ಡಾಲರು. ಅಪರೂಪದ್ದೆಂದು ಜನ ಮುಗಿಬಿದ್ದು, ಹೆಚ್ಚು ಹಣ ಕೊಟ್ಟು ಕೊಂಡು, ಓಡಿಸದೆ ಮುಚ್ಚಿಟ್ಟರು. ಆದರೆ ಕಂಪೆನಿ ಮಾಡಿದ್ದು 6,502 ಕಾರು. ಎಲ್ಲರೂ ಮುಚ್ಚಿಟ್ಟದ್ದು ಅಪರೂಪ ಹೇಗಾದೀತು? ಅದೇ 13,653 ಡಾಲರನ್ನು ನೂರಕ್ಕೆ ಐದರ ಚಕ್ರಬಡ್ಡಿಗೆ ಹಾಕಿದ್ದರೆ ನಲವತ್ತು ವರ್ಷಕ್ಕೆ ಸುಮಾರು 96,000 ಆಗುತ್ತಿತ್ತು. ಅಷ್ಟು ಬೆಲೆ ಆ ಕಾರಿಗೆ ಬರುವುದು ಅಪರೂಪ. ಬಡ್ಡಿಗೆ ಗ್ಯಾರೇಜು ಬೇಡ, ವಿಮೆ ಬೇಡ, ಇಲಿಯ ಭಯವಿಲ್ಲ.

ತಮ್ಮ ವ್ಯಾಪಾರಿಯ ಹತ್ತಿರ ಮತ್ತೆ ಹೋದ. 9,000 ಬಿಟ್ಟುಬಿಡಿ, ವಾರಂಟಿ ಕಳೆದ ಲೆಕ್ಕಕ್ಕೆ ಇನ್ನಷ್ಟು ಇಳಿಸಿ ಎಂದ. ಆತ ಟೈಟಲ್ ಆಗಿಲ್ಲ ಎಂಬ ಹಳೆಯ ರಾಗವನ್ನೇ ಎಳೆದ. ತಮ್ಮ ಎದ್ದು ಬಂದ. ಎರಡು ದಿನ ಮುಖ ಸಪ್ಪಗಿತ್ತು, ಇಲ್ಲವೆನ್ನಲಾರೆ. ಆಸೆಪಟ್ಟದ್ದು ಕೈಬಿಟ್ಟಾಗ ಯಾರಿಗಾದರೂ ಹಾಗೆಯೇ. ಮಗಳ ಕಾಲೇಜಿನ ಹಣ ಮಾತ್ರ ಇದ್ದಲ್ಲೇ ಉಳಿಯಿತು.

ಕಾರನ್ನು ಪ್ರೀತಿಸಿ ಕೊಳ್ಳುವವರನ್ನು ನಾನು ಹಳಿಯುವುದಿಲ್ಲ. ಚಂದದ ವಸ್ತುವನ್ನು ಒರೆಸಿ, ಹೊಳೆಯಿಸಿ, ಭಾನುವಾರ ಒಂದು ಸುತ್ತು ಹೊಡೆದು ಬರುವ ಸುಖ ಸುಖವೇ. ಆದರೆ ಬೀಗ ಹಾಕಿ ಕೂರಿಸಿದ ವಸ್ತು ನಮ್ಮನ್ನೇ ಕಾವಲಿಗೆ ಕೂರಿಸುತ್ತದೆ. ಮಾರುವವರು 'ಹೊಸದು' ಎಂದರೆ ಹಿಂಜರಿಯದೆ ಒಂದೇ ಮಾತು ಕೇಳಿ: ವಾರಂಟಿ ಯಾವತ್ತಿನಿಂದ? ಕಾರಿರಲಿ, ಫ್ರಿಜ್ ಇರಲಿ, ಈ ಪ್ರಶ್ನೆಗೆ ಬಾಯಲ್ಲಿ ಬರುವ ಉತ್ತರ ಬೇಡ, ಬರೆದ ತಾರೀಕು ಬೇಕು. ತಾರೀಕು ತೋರಿಸಲು ತಡವರಿಸುವವರ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಬಂದರೆ ನಷ್ಟವೇನಿಲ್ಲ.