ಮುಟ್ಟಬೇಡಿ ಅಂದಿದ್ದ ಡಬ್ಬಿ

ಗುಜರಿಯವನ ಆಟೋ ನಮ್ಮ ಕೇರಿಯ ತಿರುವಿನಲ್ಲಿ ಪಂಕ್ಚರ್ ಆಗದೇ ಇದ್ದಿದ್ದರೆ ಆ ಡಬ್ಬಿ ನಮ್ಮ ಕೈಗೆ ಸಿಕ್ಕುತ್ತಿರಲಿಲ್ಲ. ಮುರಿದ ಬೆಂಚಿನ ಕಬ್ಬಿಣ, ತುಕ್ಕು ಹಿಡಿದ ಬೀರು, ಅವುಗಳ ಮೇಲೆ ಮಕಾಡೆ ಬಿದ್ದಿದ್ದ ಒಂದು ಕಂಪ್ಯೂಟರು. ಪಕ್ಕೆಯಲ್ಲಿ ಬಿಳಿ ಪೇಂಟಿನಲ್ಲಿ ಬರೆದಿದ್ದ ನಂಬರು ನೋಡಿ ನಮ್ಮಲ್ಲೊಬ್ಬ, 'ಲೇ, ಇದು ನಮ್ಮ ಸ್ಕೂಲಿಂದು ಕಣ್ರೋ' ಅಂದ. ಬಗ್ಗಿ ನೋಡಿದೆವು. ಹೌದು, ಅದೇ.

ಈ ಡಬ್ಬಿಗೂ ನಮಗೂ ಹಳೇ ಲೆಕ್ಕ ಇದೆ. 2004ರಲ್ಲಿ ನಾವು ಹೈಸ್ಕೂಲಿನಲ್ಲಿದ್ದಾಗ ಇದು ಬಂತು. ಬಂದ ದಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಆಮೇಲೆ ಕೊಠಡಿಗೆ ಬೀಗ. ವಾರಕ್ಕೊಂದು ಸಲ ಬಾಗಿಲು ತೆಗೆದರೆ ಚಪ್ಪಲಿ ಹೊರಗೆ ಬಿಟ್ಟು (ಇದ್ದವರು ಬಿಟ್ಟು) ಗೋಡೆ ಹಿಡಿದು ಸಾಲಾಗಿ ನಿಲ್ಲಬೇಕು. ಮುಂದೆ ಕೂತ ನಾಲ್ಕು ಜನ ಕೀಲಿ ಒತ್ತೋರು. ಆ ನಾಲ್ವರು ಯಾವ ಬೀದಿಯವರು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ತಿರುಗಿ, 'ಮುಟ್ಟಬೇಡಿ, ಧೂಳು ಕೂತರೆ ಕೆಟ್ಟೋಗುತ್ತೆ' ಅನ್ನೋರು. ಧೂಳು ನಮ್ಮ ಕೈಯಿಂದಲೇ ಉದುರುತ್ತೆ ಅಂತ ನಾವೂ ನಂಬಿಬಿಟ್ಟಿದ್ದೆವು.

400 ರೂಪಾಯಿ ಕೊಟ್ಟು ಡಬ್ಬಿ, ಮಾನಿಟರು, ಕೀಲಿಮಣೆ ಮೂರನ್ನೂ ಇಳಿಸಿಕೊಂಡೆವು. ಸಂಜೆ ಪಾಠಕ್ಕೆ ಬರುವ ಮಕ್ಕಳಿಗೆ ಕನ್ನಡ ಟೈಪಿಂಗು ಕಲಿಸಬೇಕು ಅನ್ನೋದು ನಮ್ಮ ಬಹುದಿನದ ಆಸೆ. ನಮ್ಮಲ್ಲಿ ಒಬ್ಬ ರೇಡಿಯೋ, ಮಿಕ್ಸಿ ರಿಪೇರಿ ಮಾಡೋನು. ಅವನೇ ನಮ್ಮ ಧೈರ್ಯ.

ಪಕ್ಕೆಯ ಬಾಗಿಲು ಬಿಚ್ಚಿದೆವು. ಫ್ಯಾನಿನ ಸಂದಿಯಲ್ಲಿ ಕಡಜ ಕಟ್ಟಿದ ಮಣ್ಣಿನ ಗೂಡು. ಮೂಲೆಯಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆ. ಧೂಳು ಅಂದರೆ ಬೆರಳುದ್ದ, ಕಂಬಳಿ ಹೊದಿಸಿದ ಹಾಗೆ. ಬೀಗ ಹಾಕಿದ ಕೋಣೆಯಲ್ಲಿ ಇಷ್ಟೊಂದು ಧೂಳು ಯಾರ ಕೈಯಿಂದ ಉದುರಿತೋ! ಪೇಂಟಿನ ಕುಂಚದಲ್ಲಿ ಗುಡಿಸಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆವು.

ಗುಂಡಿ ಒತ್ತಿದರೆ ಉಸಿರೇ ಇಲ್ಲ. ಕರೆಂಟು ಕೊಡುವ ಕಬ್ಬಿಣದ ಪೆಟ್ಟಿಗೆ, ಅದೇ ಎಸ್‌ಎಂಪಿಎಸ್, ಸತ್ತಿದೆಯೋ ಬದುಕಿದೆಯೋ ನೋಡಬೇಕಲ್ಲ. ಅದರ ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು, ಹಸಿರು ವೈರಿಗೂ ಒಂದು ಕರಿ ವೈರಿಗೂ ತಂತಿ ಸೇರಿಸಿದರೆ ಪೆಟ್ಟಿಗೆಯ ಫ್ಯಾನು ತಿರುಗಬೇಕು. ತಿರುಗಿತು. ಮೀಟರು ಹಿಡಿದರೆ 12, 5, 3.3 ವೋಲ್ಟು ಮೂರೂ ಸರಿಯಾಗಿದ್ದವು. ಆ ಪೆಟ್ಟಿಗೆಯನ್ನು ಮಾತ್ರ ನಾವು ಬಿಚ್ಚಲಿಲ್ಲ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರುತ್ತೆ. ಮೇಷ್ಟ್ರುಗಳು ಮಕ್ಕಳ ಕೈಲಿ ಅದನ್ನು ಬಿಚ್ಚಿಸಬೇಡಿ.

ಹಾಗಾದರೆ ಕೆಟ್ಟಿದ್ದು ಏನು? ಒತ್ತುವ ಗುಂಡಿಯೇ! ಗುಂಡಿಯ ವೈರು ಬೋರ್ಡಿಗೆ ಸೇರುವ ಎರಡು ಕಡ್ಡಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆವು. ಡಬ್ಬಿ ಗುರ್ ಅಂತು. ಹತ್ತಿಪ್ಪತ್ತು ರೂಪಾಯಿ ಗುಂಡಿಗೋಸ್ಕರ ಇಡೀ ಡಬ್ಬಿಯನ್ನು ಗುಜರಿಗೆ ಎಸೆದಿದ್ದರು ಅಂತ ನಕ್ಕೆವು. ನಕ್ಕಿದ್ದು ಬೇಗ ಆಯಿತು.

ಪರದೆ ಕಪ್ಪಗೇ ಇತ್ತು. ಉದ್ದುದ್ದ ಕೂಗು, ಬಿಟ್ಟು ಬಿಟ್ಟು. ಕಂಪ್ಯೂಟರಿಗೆ ಮಾತು ಬಾರದಿದ್ದಾಗ ಹೀಗೆ ಕೂಗಿ ಹೇಳುತ್ತೆ. ಆ ಉದ್ದ ಕೂಗು ಸಾಮಾನ್ಯವಾಗಿ ರ‍್ಯಾಮಿನದು. ಎರಡು ಪಟ್ಟಿ ಕಿತ್ತು ನೋಡಿದರೆ ಚಿನ್ನದ ಬಣ್ಣದ ಅಂಚು ಕಪ್ಪಿಟ್ಟಿತ್ತು. ಆರನೇ ಕ್ಲಾಸಿನ ಹುಡುಗಿ ತನ್ನ ರಬ್ಬರು ಕೊಟ್ಟಳು. ಉಜ್ಜಿ, ಒಂದೊಂದೇ ಹಾಕಿ ನೋಡಿದೆವು. ಒಂದು ಸತ್ತಿತ್ತು, 256 ಎಂಬಿಯದು ಇನ್ನೊಂದು ಬದುಕಿತ್ತು. ಪರದೆಗೆ ಅಕ್ಷರ ಬಂತು. ತಾರೀಖು ಮಾತ್ರ 2002, ಜನವರಿ 1! ಸಿಮಾಸ್ ಚೆಕ್‌ಸಮ್ ಎರರ್, ಎಫ್ 1 ಒತ್ತಿ ಅಂತ. ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿ ಇರುತ್ತೆ, ಸಿಆರ್ 2032, 3 ವೋಲ್ಟಿಂದು. ಡಬ್ಬಿ ಮಲಗಿದಾಗ ದಿನ, ಗಂಟೆ ಎಣಿಸೋದು ಅದರ ಬಲದಲ್ಲೇ. ಅದು ಸತ್ತರೆ ಯಂತ್ರ ಎದ್ದಾಗಲೆಲ್ಲ ಹಳೇ ತಾರೀಖಿಗೇ ಹೋಗಿ ನಿಲ್ಲುತ್ತೆ. ಸಂತೆ ದಿನ ವಾಚಿನ ಅಂಗಡಿಯಿಂದ ಹೊಸದು ತಂದು ಹಾಕಿದೆವು.

ಇನ್ನೇನು ಗೆದ್ದೆವು ಅಂದುಕೊಂಡರೆ ಹತ್ತು ನಿಮಿಷಕ್ಕೆ ದಪ್ ಅಂತ ಆರಿತು. ಪೆಂಟಿಯಮ್ 4 ಭಾರಿ ಕಾಯುವ ಜಾತಿ. (ಜಾತಿ ಅನ್ನೋ ಪದ ಇಲ್ಲೂ ಬಂತು ನೋಡಿ.) ಶಾಖ ಹೀರುವ ಅಲ್ಯೂಮಿನಿಯಂ ಗಡ್ಡೆಗೂ ಪ್ರೊಸೆಸರಿಗೂ ನಡುವೆ ಬಳಿದ ಪೇಸ್ಟು ಒಣಗಿ ಸುಣ್ಣವಾಗಿತ್ತು. ಇಲ್ಲಿ ನಾವು ತಪ್ಪು ಮಾಡಿದೆವು. ತಣ್ಣಗಿದ್ದಾಗಲೇ ಗಡ್ಡೆಯನ್ನು ಎಳೆದೆವು. ಪ್ರೊಸೆಸರು ಅದಕ್ಕೇ ಅಂಟಿಕೊಂಡು ಬುಡಸಮೇತ ಎದ್ದು ಬಂತು. ಅದಕ್ಕೆ 478 ಕಾಲು, ಸೂಜಿಮೊನೆಯಂಥವು. ಮೂರು ಬಾಗಿದ್ದವು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಯಂತ್ರ ಓಡಿಸಿ, ಬಿಸಿಯಾದ ಮೇಲೆ ಪ್ಲಗ್ಗು ಕಿತ್ತು, ಗಡ್ಡೆಯನ್ನು ಮೆಲ್ಲಗೆ ತಿರುಚಿ ತೆಗೆಯಬೇಕಿತ್ತು. ಖಾಲಿ ರೀಫಿಲ್ಲಿನ ತೂತಿಗೆ ಒಂದೊಂದೇ ಕಾಲು ತೂರಿಸಿ ನೆಟ್ಟಗೆ ಮಾಡುವಷ್ಟರಲ್ಲಿ ರಾತ್ರಿ ಹನ್ನೊಂದು. ರಿಪೇರಿಯವನ ಅವ್ವ ಬಂದು, 'ಏನ್ರಲಾ, ಹೇನು ಹೆಕ್ಕದಂಗೆ ಕುಂತಿದ್ದೀರಿ' ಅಂತ ಬೈದು ಹೋದಳು.

ಆಮೇಲೂ ಸುಮ್ಮಸುಮ್ಮನೆ ನಿಂತುಹೋಗೋದು. ಕೊನೆಗೆ ಕಣ್ಣಿಗೆ ಬಿದ್ದದ್ದು ಪ್ರೊಸೆಸರಿನ ಪಕ್ಕದ ಕೆಪಾಸಿಟರುಗಳು. ಮೂರರ ತಲೆ ಉಬ್ಬಿತ್ತು, ಒಂದರಿಂದ ಕಂದು ರಸ ಇಳಿದಿತ್ತು. 2000ದ ಆಚೀಚೆ ತಯಾರಾದ ಬೋರ್ಡುಗಳಲ್ಲಿ ಇದು ಲೋಕಕ್ಕೆಲ್ಲ ಬಂದ ರೋಗ. ಒಳಗೆ ತುಂಬಿದ ದ್ರವವೇ ಕಳಪೆ. ತಾನಾಗಿ ಊದಿಕೊಂಡು ಸಾಯುತ್ತಿದ್ದವು, ಯಾರು ಮುಟ್ಟಿದರೂ, ಮುಟ್ಟದಿದ್ದರೂ. ಅದೇ ಅಳತೆಯ, 105 ಡಿಗ್ರಿ ತಡೆಯುವ ಹೊಸವನ್ನು ಪಟ್ಟೆ ಇರುವ ಕಡೆ ಮೈನಸ್ ಅಂತ ನೋಡಿಕೊಂಡು ಬೆಸೆದ. ಆವತ್ತಿನಿಂದ ಡಬ್ಬಿ ನಿಂತಿಲ್ಲ.

ಒಳಗೆ ಇದ್ದದ್ದು ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲಿನಿಂದ ಅದಕ್ಕೆ ರಕ್ಷಣೆಯ ತಿದ್ದುಪಡಿ ಬರುವುದು ನಿಂತಿದೆ, ಇಂಟರ್ನೆಟ್ಟಿಗೆ ಹಚ್ಚಬಾರದು. ಟೈಪಿಂಗು ಕಲಿಯೋಕೆ ಏನೂ ತೊಂದರೆಯಿಲ್ಲ.

ಹಾರ್ಡ್‌ಡಿಸ್ಕು ತಡಕಾಡುವಾಗ ಒಂದು ಕಡತ ಸಿಕ್ಕಿತು. ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು ಎಲ್ಲ ಕಲಸಿದ ಮುದ್ದೆ. ಹಳೇ ನುಡಿಯಲ್ಲಿ ಬರೆದದ್ದು ಆ ಫಾಂಟು ಇಲ್ಲದಿದ್ದರೆ ಹಾಗೇ ಕಾಣೋದು. ನುಡಿ ಹಾಕಿದೆವು. ಮುದ್ದೆ ಕರಗಿ ಹೆಸರುಗಳಾದವು. ನಮ್ಮ ಹೆಸರುಗಳು. ಕಂಪ್ಯೂಟರ್ ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿ. ಐವತ್ತಕ್ಕೆ ನಲವತ್ತೊಂದು, ಮೂವತ್ತೊಂಬತ್ತು, ನಲವತ್ತು. ಅರ್ಧವರ್ಷಕ್ಕೇ ಸ್ಕೂಲು ಬಿಟ್ಟು ಕಾಫಿತೋಟದ ಕೂಲಿಗೆ ಹೋಗಿದ್ದ ನಮ್ಮ ಗೆಳೆಯನಿಗೂ ಮೂವತ್ತೆಂಟು.

ಅಳಿಸಿಬಿಡೋಣ ಅಂದ ಒಬ್ಬ. ಪ್ರಿಂಟು ತೆಗೆದು ಸ್ಕೂಲಿನ ಗೋಡೆಗೆ ಅಂಟಿಸೋಣ ಅಂದ ಇನ್ನೊಬ್ಬ. ಕೂಲಿಗೆ ಹೋಗಿದ್ದವನು ಬಂದು ತನ್ನ ಹೆಸರಿನ ಮೇಲೆ ಬೆರಳಿಟ್ಟು, 'ಪಾಸಾಗಿವ್ನಿ ಕಣ್ರಲಾ' ಅಂದ. ನಗಬೇಕೋ ಬೇಡವೋ ತಿಳಿಯಲಿಲ್ಲ.

ರಬ್ಬರು ಕೊಟ್ಟಿದ್ದ ಹುಡುಗಿ ಹಿಂದೆ ನಿಂತೇ ಇದ್ದಳು. 'ಮಾವ, ಎದ್ದೇಳಿ. ನಾನು ಒತ್ತಬೇಕು' ಅಂದಳು. ಎದ್ದು ಜಾಗ ಬಿಟ್ಟೆವು.