ದೀಪದ ಹೊಗೆ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರಬೇಕೆಂದು ತಿಳಿಯುವುದನ್ನು ತಾರ್ಕಿಕರು ಅನುಮಾನಪ್ರಮಾಣಕ್ಕೆ ಮೊದಲ ನಿದರ್ಶನವಾಗಿ ಹೇಳುತ್ತ ಬಂದಿದ್ದಾರೆ. ಈ ಕಾಲದ ದೀಪಕ್ಕೆ ಆ ನಿದರ್ಶನವು ಹೊಂದದು. ವಿಜಯಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಸಿದ್ಧೇಶ್ವರ ಗುಡಿಯ ಸುತ್ತ ಬೆಳಗುವ ವಿದ್ಯುದ್ದೀಪಗಳಿಗೆ ಎಣ್ಣೆಯಿಲ್ಲ, ಬತ್ತಿಯಿಲ್ಲ, ಕಾಡಿಗೆಯೂ ಇಲ್ಲ. ದೀಪವು ಇಲ್ಲಿ, ಹೊಗೆಯು ದಕ್ಷಿಣಕ್ಕೆ ಹಲವು ಹರದಾರಿಗಳಾಚೆ, ಬಸವನ ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ.

ಕೂಡಗಿಯ ಉಷ್ಣವಿದ್ಯುತ್ ಸ್ಥಾವರವು ಕೇಂದ್ರ ಸರಕಾರದ ಅಧೀನದ ಎನ್‌ಟಿಪಿಸಿ ಸಂಸ್ಥೆಗೆ ಸೇರಿದುದು. ತಲಾ 800 ಮೆಗಾವಾಟಿನ ಅದರ ಮೂರು ಘಟಕಗಳು 2017 ಮತ್ತು 2018ರಲ್ಲಿ ಒಂದರ ಹಿಂದೊಂದು ಕೆಲಸಕ್ಕೆ ತೊಡಗಿದವು. ಒಟ್ಟು 2400 ಮೆಗಾವಾಟ್. ಹತ್ತಿರದ ಆಲಮಟ್ಟಿಯ ಜಲವಿದ್ಯುದಾಗಾರದ ಶಕ್ತಿಯು 290 ಎಂಬುದನ್ನು ನೆನೆದರೆ ಇದರ ಗಾತ್ರವು ತಿಳಿದೀತು. ಕನ್ನಡನಾಡಿನ ನೆಲದಲ್ಲಿ ಕಲ್ಲಿದ್ದಲಿಲ್ಲ. ಅದು ರೈಲಿನಲ್ಲಿ ದೂರದಿಂದ ಬರಬೇಕು. ನೀರನ್ನು ಮಾತ್ರ ಆಲಮಟ್ಟಿಯ ಜಲಾಶಯವೇ ಕೊಡುತ್ತದೆ. ಕಲ್ಲಿದ್ದಲನ್ನು ಹಿಟ್ಟಿನಂತೆ ನುಣ್ಣಗೆ ಬೀಸಿ ಉರಿಸುವರು. ಆ ಉರಿಯಿಂದ ಹುಟ್ಟಿದ ಉಗಿಯು ಚಕ್ರವನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ. ವಿದ್ಯುತ್ಪ್ರವಾಹವು ಕ್ಷಣಕ್ಕೆ 50 ಬಾರಿ ಸ್ಪಂದಿಸುವುದು ಈ ಸುತ್ತಿನಿಂದಲೇ.

ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆದಂತೆ ವಿದ್ಯುತ್ತನ್ನು ರಾಶಿಯಾಗಿ ಕೂಡಿಟ್ಟು ಬಳಸುವುದು ಸುಲಭವಲ್ಲ. ಬ್ಯಾಟರಿಗಳು ಬಂದಿವೆ, ನಿಜ; ನಾಡಿನ ಒಂದು ರಾತ್ರಿಯನ್ನು ಹೊರುವಷ್ಟು ಇನ್ನೂ ಬಂದಿಲ್ಲ. ಬೇಡಿಕೆಯೆಷ್ಟೋ ಅಷ್ಟನ್ನು ಆ ಕ್ಷಣದಲ್ಲಿಯೇ ಹುಟ್ಟಿಸಬೇಕು. ಪಾವಗಡದ ಬಯಲಿನಲ್ಲಿ ಹರಡಿದ ಸೌರಫಲಕಗಳು ನಡುಹಗಲಿನಲ್ಲಿ ಧಾರಾಳವಾಗಿ ಕೊಡುತ್ತವೆ. ಸೂರ್ಯಾಸ್ತದೊಡನೆ ಕೈ ಮುಚ್ಚುತ್ತವೆ. ಗಾಳಿಯ ಯಂತ್ರಗಳ ಸುಗ್ಗಿಯು ಮುಂಗಾರಿನ ತಿಂಗಳುಗಳು. ಟಿಕೋಟಾದ ದ್ರಾಕ್ಷಿಯ ಪಡಗಳಿಗೆ ಕೊಳವೆಬಾವಿಯ ಪಂಪುಗಳು ಬಿಡುವಿಲ್ಲದೆ ನಡೆಯಬೇಕಾದುದಾದರೋ ಫಾಲ್ಗುಣ ಚೈತ್ರಗಳ ಬಿಸಿಲಿನಲ್ಲಿ. ಆಗ ಗಾಳಿಯು ಎದ್ದಿರುವುದಿಲ್ಲ, ಜಲಾಶಯಗಳು ಇಳಿದಿರುತ್ತವೆ. ಒಣದ್ರಾಕ್ಷಿಯನ್ನು ಕಾದಿಡುವ ಶೀತಲಗೃಹಗಳಿಗೆ ಹಗಲಿರುಳೆಂಬ ಭೇದವಿಲ್ಲ. ತುಬಚಿ–ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಬಯಲನ್ನು ಏರುವುದೂ ವಿದ್ಯುತ್ತಿನ ತೋಳ್ಬಲದಿಂದಲೇ.

ಹೀಗಾಗಿ ಕೂಡಗಿಯಂತಹ ಸ್ಥಾವರದ ಪಾತ್ರವೂ ಮಾರ್ಪಟ್ಟಿದೆ. ಇಂತಹವನ್ನು ಕಟ್ಟಿದುದು ಹಗಲಿರುಳೂ ಒಂದೇ ಸಮನೆ ಉರಿಯಲೆಂದು. ಈಗ ಬಿಸಿಲು ಏರಿದಾಗ ಬೆಂಕಿಯನ್ನು ತಗ್ಗಿಸಿ, ಮುಚ್ಚಂಜೆಗೆ ಮತ್ತೆ ಎಬ್ಬಿಸಬೇಕಾಗಿದೆ. ಆದರೆ ಇದು ಮನೆಯ ಒಲೆಯಲ್ಲ. ಕೇಂದ್ರದ ಸ್ಥಾವರಗಳು ಶಕ್ತಿಯ ಶೇಕಡಾ 55ರವರೆಗೂ ಇಳಿಯಬಲ್ಲವಾಗಿರಬೇಕೆಂಬ ನಿಯಮವು ಬಂದುದು ಈ ಕಾರಣದಿಂದಲೇ. ಏರಿಳಿತದಿಂದ ಲೋಹವು ಬಳಲುತ್ತದೆ, ಯೂನಿಟ್ಟೊಂದಕ್ಕೆ ಸುಡುವ ಕಲ್ಲಿದ್ದಲು ಹೆಚ್ಚುತ್ತದೆ. ಬಿಸಿಲಿನ ವಿದ್ಯುತ್ತು ಅಗ್ಗವೆನ್ನುವವರು ಸಂಜೆಯ ಈ ವೆಚ್ಚವನ್ನು ಯಾವ ಪುಟದಲ್ಲಿ ಬರೆಯುತ್ತಾರೋ!

ಇನ್ನೊಂದು ವೆಚ್ಚವು ಯಾವ ಪುಟದಲ್ಲಿಯೂ ಏರಿಲ್ಲ. ಕೂಡಗಿ, ತೆಲಗಿ, ಮಸೂತಿಗಳ ಎರೆಭೂಮಿಯು ಬಿಳಿಜೋಳ, ಕಡಲೆಗಳ ನೆಲ. ಸ್ಥಾವರವು ಏಳುತ್ತಿದ್ದಾಗ ಅದನ್ನು ವಿರೋಧಿಸಿ ರೈತರು ಬೀದಿಗಿಳಿದರು. 2014ರ ಜುಲೈಯಲ್ಲಿ ಪೊಲೀಸರ ಗುಂಡು ಹಾರಿ ಜನರು ಗಾಯಗೊಂಡರು. ಅವರನ್ನು ಪ್ರಗತಿಯ ವಿರೋಧಿಗಳೆಂದು ಜರೆದವರುಂಟು. ಆ ಮಾತು ಅನ್ಯಾಯದ್ದು. ಅವರು ಬೇಡವೆಂದುದು ದೀಪವನ್ನಲ್ಲ. ನಾಲ್ಕೈದು ರಾಜ್ಯಗಳ ದೀಪಕ್ಕೆ ಕೆಲವೇ ಊರುಗಳು ಹೊಗೆಯನ್ನುಣ್ಣಬೇಕೆಂಬ ಏರ್ಪಾಟನ್ನು.

ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ಬರಿಯ ಬೂದಿಯೇ. ಬೂದಿಗೆ ಸಿಮೆಂಟಿನಲ್ಲಿ, ಇಟ್ಟಿಗೆಯಲ್ಲಿ ಉಪಯೋಗವುಂಟು. ಮಿಕ್ಕುದನ್ನು ನೀರಿನೊಡನೆ ಕಲಸಿ ಹೊಂಡಕ್ಕೆ ಹರಿಸುವರು. ಬೇಸಗೆಯಲ್ಲಿ ಹೊಂಡದ ಮೇಲ್ಮೈಯು ಒಣಗದಂತೆ ನೋಡಿಕೊಳ್ಳಬೇಕು. ಒಣಗಿತೆಂದರೆ, ಮೊದಲ ಬಿರುಗಾಳಿಗೇ ಅದು ಪಕ್ಕದ ಹೊಲದ ತೆನೆಯ ಮೇಲೆ ಕುಳಿತಿರುತ್ತದೆ.