ನಾನಿಯ ಹಿತ್ತಿಲು

ನಿಮ್ಮ ಹಿತ್ತಿಲಲ್ಲಿ ಏನೇನು ಬೆಳೆದಿದೆ? ಶಿವಮೊಗ್ಗದ ನಮ್ಮ ನಾನಿಯನ್ನು ಯಾರಾದರೂ ಹೀಗೆ ಕೇಳಿದರೆ ಸಾಕು, ಚಹಾ ಆರಿಹೋದರೂ ಮಾತು ನಿಲ್ಲುತ್ತಿರಲಿಲ್ಲ. ಮಲ್ಲಿಗೆ, ಕನಕಾಂಬರ, ಮೆಹಂದಿ, ಪುದೀನ, ನುಗ್ಗೆ, ಕರಿಬೇವು, ಒಂದೊಂದಕ್ಕೂ ಒಂದು ಕತೆ. ಅಕ್ಕಿ ತೊಳೆದ ನೀರು ಕರಿಬೇವಿಗೆ, ವುಝೂ ಮಾಡಿದ ನೀರು ಮಲ್ಲಿಗೆಗೆ. ಚರಂಡಿಗೆ ಹರಿಸಿದರೆ ನಮಗೆ ಬೈಗುಳ ತಪ್ಪಿದ್ದಲ್ಲ.

ನಾನಾ ತೀರಿಕೊಂಡಾಗ ಮೂವರು ಹೆಣ್ಣುಮಕ್ಕಳಿಗೂ ಮದುವೆಯಾಗಿರಲಿಲ್ಲ. ಹಿರಿಯವಳೇ ನನ್ನ ಅಮ್ಮಿ. ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ತನ್ನು ಮನೆಯಲ್ಲೇ ಕಳೆದ ನಾನಿ, ಆ ದಿನಗಳಲ್ಲಿ ಹಿತ್ತಿಲನ್ನೆಲ್ಲ ಅಗೆದು ಪಾತಿ ಮಾಡಿದರಂತೆ. ಆಮೇಲೆ ಸೊಪ್ಪು, ಹೂವು, ನುಗ್ಗೆಕಾಯಿ ಮಾರಿ ಸಂಸಾರ ತೂಗಿಸಿದರು. ಯಾರ ಮುಂದೆಯೂ ಕೈಚಾಚಲಿಲ್ಲ.

ಮದ್ರಸ ಮುಗಿಸಿದ ನಾನು ಬಿ.ಎ.ಗೆ ಸೇರುತ್ತೇನೆಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಆಲಿಮಾ ಆದವಳಿಗೆ ಕಾಲೇಜೇಕೆ?" ಎಂದರು ಹಿರಿಯರೊಬ್ಬರು. ಕೈಯ ಮಣ್ಣನ್ನೂ ತೊಳೆಯದೆ ಒಳಬಂದ ನಾನಿ, "ನುಗ್ಗೆಯ ಸೊಪ್ಪೂ ತಿನ್ನುತ್ತೀರಿ, ಕಾಯಿಯೂ ತಿನ್ನುತ್ತೀರಿ. ಹುಡುಗಿ ಎರಡು ಕಲಿತರೆ ಮಾತ್ರ ಅಜೀರ್ಣವೇ?" ಎಂದು ಕೇಳಿದರು. ಮೊದಲ ವರ್ಷದ ಫೀಸು ಅವರ ಸೆರಗಿನ ಗಂಟಿನಿಂದಲೇ ಬಂತು.

ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವನ ಪಾಲಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಬುಖಾರಿಯ ಈ ಹದೀಸನ್ನು ಮಕ್ಕಳಿಗೆ ಹೇಳಿಕೊಡುವಾಗಲೆಲ್ಲ ನಾನಿ ಕಣ್ಣ ಮುಂದೆ ಬರುತ್ತಾರೆ. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಅವರು ಕಡಿದುಕೊಟ್ಟ ನುಗ್ಗೆ ಕೊಂಬೆಗಳು ಇಂದಿಗೂ ಕೇರಿಯ ಎಷ್ಟೋ ಮನೆಗಳಲ್ಲಿ ಕಾಯಿ ಬಿಡುತ್ತಿವೆ.

ಅಂಗಳವಿಲ್ಲದಿದ್ದರೆ ಒಂದು ಕುಂಡದಲ್ಲಾದರೂ ಪುದೀನ ನೆಡಿ, ಸೋದರಿಯರೇ. ಅಲ್ಲಾಹನು ನಮ್ಮ ನಾನಿಯ ಕಬ್ರನ್ನು ಸ್ವರ್ಗದ ತೋಟವಾಗಿಸಲಿ, ಆಮೀನ್.